ಮೂರು ಟೈಮ್‌ಝೋನ್‌ಗಳಲ್ಲಿ 24 ಗಂಟೆ ಡೆವಲಪ್‌ಮೆಂಟ್: ಲೆಕ್ಕ ಕೂಡುತ್ತದೆಯೇ?

ಪಾಳಿ_ಪಟ್ಟಿ

ವಿಷಯ ಇಷ್ಟು. ಸಿಡ್ನಿ, ಡಬ್ಲಿನ್, ಸ್ಯಾನ್ ಫ್ರಾನ್ಸಿಸ್ಕೊ, ಮೂರು ಕಡೆ ತಲಾ ಐದು ಜನ ಡೆವಲಪರ್‌ಗಳು. ಒಂದೇ ಪ್ರಾಡಕ್ಟ್, ಒಂದೇ ರೆಪೊ (ಕೋಡ್ ಇಡುವ ಜಾಗ). ಒಂದು ತಂಡ ಎದ್ದು ಹೋಗುವಾಗ ಮುಂದಿನ ತಂಡ ಅದೇ ಟಿಕೆಟ್ (ದಾಖಲಿಸಿದ ಒಂದು ಕೆಲಸ) ಹಿಡಿದು ಮುಂದುವರಿಸಬೇಕು, ಹೀಗೆ ದಿನವಿಡೀ. ಮೂರು ವಾರದ ಫೀಚರ್ ಒಂದು ವಾರಕ್ಕೆ ಇಳಿಯುತ್ತದೆ ಅನ್ನುವುದು ಪ್ರಸ್ತಾವ. ಎಲ್ಲರಿಗೂ ಅವರವರ ಊರಿನ ಗಡಿಯಾರದಲ್ಲಿ 9ರಿಂದ 17.

ಎಲ್ಲಿ ಸೋರುತ್ತದೆ, ಎಷ್ಟು ಸೋರುತ್ತದೆ, ಹ್ಯಾಂಡೋವರ್ (ಕೆಲಸ ಕೈಬದಲಿಸುವುದು) ಹೇಗಿರಬೇಕು, ಇದು ಬೇಕು. "ಕಮ್ಯುನಿಕೇಶನ್ ಚೆನ್ನಾಗಿರಲಿ" ಥರದ ಉತ್ತರ ದಯವಿಟ್ಟು ಬೇಡ.

ಯುಟಿಸಿ_ಗೋಡೆಗಡಿಯಾರ

ಮೊದಲು ಎಲ್ಲವನ್ನೂ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಇಳಿಸಿ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಉತ್ತರಗೋಳದ ಚಳಿಗಾಲದಲ್ಲಿ ಸಿಡ್ನಿ 22ರಿಂದ 06, ಡಬ್ಲಿನ್ 09ರಿಂದ 17, ಸ್ಯಾನ್ ಫ್ರಾನ್ಸಿಸ್ಕೊ 17ರಿಂದ 01. ಅಂದರೆ ಸಿಡ್ನಿಯವರು ಕೆಲಸ ಮುಗಿಸಿ ಎದ್ದು ಹೋದ ಮೇಲೆ ಡಬ್ಲಿನ್ ಬರುವವರೆಗೆ 3 ಗಂಟೆ ಯಾರೂ ಇಲ್ಲ. ಡಬ್ಲಿನ್‌ನವರು ಲ್ಯಾಪ್‌ಟಾಪ್ ಮುಚ್ಚುವ ನಿಮಿಷಕ್ಕೇ ಸ್ಯಾನ್ ಫ್ರಾನ್ಸಿಸ್ಕೊದವರು ತೆರೆಯುತ್ತಾರೆ, ಮುಖಾಮುಖಿ ಸೊನ್ನೆ. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸಿಡ್ನಿ ಮಾತ್ರ 3 ಗಂಟೆ ಜೊತೆಯಲ್ಲಿರುತ್ತವೆ.

ಬೇಸಿಗೆಯಲ್ಲಿ ಸಿಡ್ನಿ 23ರಿಂದ 07, ಡಬ್ಲಿನ್ 08ರಿಂದ 16, ಸ್ಯಾನ್ ಫ್ರಾನ್ಸಿಸ್ಕೊ 16ರಿಂದ 24. ಖಾಲಿ ಜಾಗ 1 ಗಂಟೆಗೆ ಇಳಿಯಿತು, ಆದರೆ ಸ್ಯಾನ್ ಫ್ರಾನ್ಸಿಸ್ಕೊ–ಸಿಡ್ನಿ ಜೊತೆಯೂ 1 ಗಂಟೆಗೆ ಇಳಿಯಿತು. ಡಬ್ಲಿನ್–ಸ್ಯಾನ್ ಫ್ರಾನ್ಸಿಸ್ಕೊ ಆಗಲೂ ಸೊನ್ನೆಯೇ.

ಇನ್ನು ವಾರಾಂತ್ಯ. ಸ್ಯಾನ್ ಫ್ರಾನ್ಸಿಸ್ಕೊದ ಶುಕ್ರವಾರ ಸಂಜೆ 5 ಅಂದರೆ ಚಳಿಗಾಲದಲ್ಲಿ ಶನಿವಾರ 01 ಯುಟಿಸಿ. ಸಿಡ್ನಿಯ ಸೋಮವಾರ ಬೆಳಗ್ಗೆ 9 ಅಂದರೆ ಭಾನುವಾರ 22 ಯುಟಿಸಿ. ನಡುವೆ 45 ಗಂಟೆ. ವಾರದ 168ರಲ್ಲಿ ಉಳಿದದ್ದು 123, ಅದರಲ್ಲಿ ದಿನಕ್ಕೆ 3ರಂತೆ ಐದು ದಿನದ ಖಾಲಿ 15 ಗಂಟೆ ಕಳೆದರೆ 108. "24 ಗಂಟೆ" ಅನ್ನುವ ಮಾತು ಸ್ಲೈಡ್‌ನಲ್ಲಿ ಮಾತ್ರ.

ಕ್ಯೂ_ಲೆಕ್ಕಿಗ

ಗಡಿಯಾರದ ಲೆಕ್ಕ ಆಯಿತು, ಈಗ ಕೆಲಸದ ಲೆಕ್ಕ. ಕೆಳಗಿನವು ಅಂದಾಜಿನ ಅಂಕಿಗಳು, ನಿಮ್ಮ ಟಿಕೆಟ್ ಇತಿಹಾಸದಿಂದ ನಿಮ್ಮವನ್ನು ತುಂಬಿಕೊಳ್ಳಿ.

ಒಂದೇ ಕೆಲಸ ಮೂರು ಕೈ ದಾಟುತ್ತದೆ ಅನ್ನಿ. ಪ್ರತಿ ಪಾಳಿಯಲ್ಲಿ ಬಂದದ್ದನ್ನು ಓದಿ ಅರ್ಥ ಮಾಡಿಕೊಳ್ಳಲು 30 ನಿಮಿಷ, ಹೊರಡುವಾಗ ಬರೆಯಲು 30 ನಿಮಿಷ. 8 ಗಂಟೆಯಲ್ಲಿ ಉಳಿಯುವುದು 7. ಮೂರು ತಂಡಕ್ಕೆ 21. ಮೂರು ಹ್ಯಾಂಡೋವರ್‌ಗೆ ಒಂದರಲ್ಲಿ, ಉತ್ತರ ಸಿಗದೆ ಮುಂದೆ ಹೋಗಲಾಗದ ಪ್ರಶ್ನೆ ಏಳುತ್ತದೆ ಅಂತಿಟ್ಟುಕೊಳ್ಳೋಣ. ಅದರಿಂದ 4 ಗಂಟೆ ಹೋದರೂ ಉಳಿಯುವುದು 17. ಒಂದೇ ತಂಡ ದಿನಕ್ಕೆ 8 ಗಂಟೆ ಮಾಡುತ್ತಿತ್ತು. 17ನ್ನು 8ರಿಂದ ಭಾಗಿಸಿದರೆ ಸುಮಾರು 2.1. ಮೂರು ಪಟ್ಟು ಜನ ಹಾಕಿ ಎರಡು ಪಟ್ಟು ವೇಗ. ಅವಸರದ ಕೆಲಸಕ್ಕೆ ಇದೂ ಲಾಭವೇ. ಆದರೆ ಮೂರು ವಾರದ ಕೆಲಸ ಒಂದು ವಾರಕ್ಕೆ ಬರುವುದಿಲ್ಲ, ಹತ್ತು ದಿನಕ್ಕೆ ಬರುತ್ತದೆ.

ಕೆಂಪು_ಬಿಲ್ಡ್

@ಕ್ಯೂ_ಲೆಕ್ಕಿಗ ಸರ್, ಆ 4 ಗಂಟೆ ತುಂಬಾ ಧಾರಾಳ ಆಯ್ತು.

ಸ್ಯಾನ್ ಫ್ರಾನ್ಸಿಸ್ಕೊದವರಿಗೆ 17:30 ಯುಟಿಸಿಗೆ ಒಂದು ಡೌಟ್ ಬಂತು ಅನ್ಕೊಳ್ಳಿ. ಉತ್ತರ ಡಬ್ಲಿನ್‌ನವರ ತಲೆಯೊಳಗೆ ಇದೆ. ಅವರು ಮತ್ತೆ ಬರೋದು ಮರುದಿನ 09:00 ಯುಟಿಸಿಗೆ, ಅಂದ್ರೆ 15 ಗಂಟೆ 30 ನಿಮಿಷ ಆದ್ಮೇಲೆ. ಅಷ್ಟರಲ್ಲಿ ಈ ಪಾಳಿಯೂ ಹೋಯ್ತು, ಮಧ್ಯದ ಸಿಡ್ನಿ ಪಾಳಿಯೂ ಹೋಯ್ತು, ಯಾಕಂದ್ರೆ ಸಿಡ್ನಿಗೂ ಆ ಉತ್ತರ ಗೊತ್ತಿಲ್ಲ. ನಷ್ಟ 4 ಅಲ್ಲ, 14 ಗಂಟೆಗೆ ಹತ್ತಿರ. ನಿಮ್ಮದೇ ಲೆಕ್ಕದಲ್ಲಿ ಹಾಕಿದ್ರೆ 21ರಲ್ಲಿ 14 ಕಳೆದು 7. ಒಂದೇ ತಂಡ ಮಾಡೋದು 8! ಹದಿನೈದು ಜನ ಸೇರಿ ಐದು ಜನಕ್ಕಿಂತ ನಿಧಾನ.

ಅದಕ್ಕೇ ಇದು ಜನರ ಸಂಖ್ಯೆಯ ಆಟ ಅಲ್ಲ. ಕೊಡೋರು ಎದ್ದು ಹೋಗೋ ಮುಂಚೆ ತಗೊಳ್ಳೋರಿಗೆ ಪ್ರಶ್ನೆ ಹುಟ್ಟಬೇಕು. ಅದಕ್ಕೆ ಇಬ್ಬರೂ ಸ್ವಲ್ಪ ಹೊತ್ತು ಒಟ್ಟಿಗೆ ಇರಲೇಬೇಕು.

ಕ್ಯೂ_ಲೆಕ್ಕಿಗ

ಒಪ್ಪಿದೆ, ಇದು ಸರಿಯಾದ ತಿದ್ದುಪಡಿ. ನನ್ನ 4 ಗಂಟೆ ಹೊಂದುವುದು, ಉತ್ತರ ಗೊತ್ತಿರುವವರು ಇನ್ನೂ ಆನ್‌ಲೈನ್ ಇರುವಾಗ ಮಾತ್ರ.

ಇದಕ್ಕೆ ಅಧ್ಯಯನದ ಆಧಾರವೂ ಇದೆ. ಹರ್ಬ್ಸ್‌ಲೆಬ್ ಮತ್ತು ಮಾಕಸ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಲವು ತಾಣಗಳಿಗೆ ಹರಡಿದ ಕೆಲಸ ಒಂದೇ ತಾಣದ ಅದೇ ಬಗೆಯ ಕೆಲಸಕ್ಕಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ದಿನ ತೆಗೆದುಕೊಂಡಿತ್ತು. ಮುಖ್ಯ ಕಾರಣ, ಹರಡಿದ ಕೆಲಸಕ್ಕೆ ಹೆಚ್ಚು ಜನರ ಕೈ ತಾಗಬೇಕಾಗುತ್ತಿತ್ತು ಅನ್ನುವುದು. ಇನ್ನು ರಿಲೇಗೆಂದೇ ಕಟ್ಟಿದ ಮೊದಲ ತಂಡಗಳಲ್ಲಿ ಒಂದು ಐಬಿಎಂನದು, 1990ರ ದಶಕದ ಮಧ್ಯಭಾಗದಲ್ಲಿ, ಐದು ತಾಣಗಳಲ್ಲಿ. ದಿನದಿನವೂ ಕೋಡ್ ಕೈಬದಲಿಸುವುದು ಕಷ್ಟವೆಂದು ಕಂಡು ಆ ಕ್ರಮವನ್ನೇ ಬಿಟ್ಟರು ಎಂದು ಎರಾನ್ ಕಾರ್ಮೆಲ್ ದಾಖಲಿಸಿದ್ದಾರೆ. ಈ ವಿಷಯದಲ್ಲಿ ಹೆಚ್ಚು ಕೆಲಸ ಮಾಡಿದವರು ಅವರೇ.

ಯುಟಿಸಿ_ಗೋಡೆಗಡಿಯಾರ

ಹಾಗಾದರೆ ತಾಣದ ಆಯ್ಕೆಯನ್ನೇ ಮತ್ತೆ ನೋಡಬೇಕು. ಸಿಡ್ನಿ ಬದಲು ಸಿಂಗಪುರ ಇಟ್ಟು ನೋಡಿ. +8, 0, −8, ಸರಿಯಾಗಿ ಎಂಟೆಂಟು ಗಂಟೆ ಅಂತರ. 9ರಿಂದ 17 ಇಟ್ಟರೆ ತುದಿಗೆ ತುದಿ ತಾಗುತ್ತದೆ, ಜೊತೆ ಮಾತ್ರ ಇಲ್ಲ. ಊಟದ ಒಂದು ಗಂಟೆ ಸೇರಿಸಿ 9ರಿಂದ 18 ಇಡಿ:

ಸಿಂಗಪುರ 01–10
ಡಬ್ಲಿನ್ 09–18
ಸ್ಯಾನ್ ಫ್ರಾನ್ಸಿಸ್ಕೊ 17–02

ಮೂರು ಕೀಲಿನಲ್ಲೂ ಒಂದೊಂದು ಗಂಟೆ ಜೊತೆ. ಯಾರೂ ರಾತ್ರಿ ಕೂರಬೇಕಿಲ್ಲ.

ಬೇಸಿಗೆ ಬಂದಾಗ ಡಬ್ಲಿನ್ 08–17, ಸ್ಯಾನ್ ಫ್ರಾನ್ಸಿಸ್ಕೊ 16–01 ಆಗುತ್ತವೆ. ಸಿಂಗಪುರಕ್ಕೆ ಡೇಲೈಟ್ ಸೇವಿಂಗ್ (ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡುವುದು) ಇಲ್ಲ, ಅದು ಅಲ್ಲೇ ನಿಂತರೆ ಒಂದು ಕಡೆ 2 ಗಂಟೆ ಜೊತೆ, ಇನ್ನೊಂದು ಕಡೆ ಸೊನ್ನೆ. ಆಗ ಸಿಂಗಪುರದವರು ಸ್ಥಳೀಯ 8ಕ್ಕೆ ಬಂದರೆ 00–09, ಮತ್ತೆ ಮೂರೂ ಕೀಲು ಒಂದೊಂದು ಗಂಟೆಗೆ ಕೂಡುತ್ತವೆ. ಗಡಿಯಾರ ಬದಲಾಗದ ಊರಿನವರೇ ವರ್ಷಕ್ಕೆ ಎರಡು ಸಲ ಪಾಳಿ ಬದಲಿಸಬೇಕು. ವಿಚಿತ್ರ, ಆದರೆ ಲೆಕ್ಕ ಹಾಗೆಯೇ ಬರುತ್ತದೆ. ಇದನ್ನು ಮೊದಲೇ ಬರೆದು ಒಪ್ಪಿಸಿಕೊಳ್ಳಿ, ಮಾರ್ಚ್‌ನಲ್ಲಿ ಹೋಗಿ ಕೇಳಿದರೆ ಯಾರೂ ಒಪ್ಪುವುದಿಲ್ಲ.

ಅರ್ಧಗಂಟೆ_ಅಂತರ

ಅಮೆರಿಕ, ಯುರೋಪ್, ಆಸ್ಟ್ರೇಲಿಯ ಒಂದೇ ದಿನ ಗಡಿಯಾರ ತಿರುಗಿಸುವುದಿಲ್ಲ ಎಂಬುದನ್ನು ಮರೆಯಬೇಡಿ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಶುರು, ನವೆಂಬರ್‌ನ ಮೊದಲ ಭಾನುವಾರ ಮುಕ್ತಾಯ. ಯುರೋಪ್‌ನಲ್ಲಿ ಮಾರ್ಚ್‌ನ ಕೊನೆಯ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ. ಸಿಡ್ನಿಯಲ್ಲಿ ಉಲ್ಟಾ: ಅಕ್ಟೋಬರ್‌ನ ಮೊದಲ ಭಾನುವಾರ ಶುರು, ಏಪ್ರಿಲ್‌ನ ಮೊದಲ ಭಾನುವಾರ ಮುಕ್ತಾಯ.

ಹಾಗಾಗಿ ವಸಂತದಲ್ಲಿ ಎರಡು ಅಥವಾ ಮೂರು ವಾರ, ಶರತ್ಕಾಲದಲ್ಲಿ ಒಂದು ವಾರ, ಅಟ್ಲಾಂಟಿಕ್‌ನ ಎರಡು ದಡದ ಅಂತರ ಒಂದು ಗಂಟೆ ಕಡಿಮೆ. 2026ನ್ನೇ ತೆಗೆದುಕೊಂಡರೆ ಮಾರ್ಚ್ 8, ಮಾರ್ಚ್ 29, ಏಪ್ರಿಲ್ 5, ಆಮೇಲೆ ಅಕ್ಟೋಬರ್ 4, ಅಕ್ಟೋಬರ್ 25, ನವೆಂಬರ್ 1. ಸಿಡ್ನಿ ಇದ್ದರೆ ವರ್ಷಕ್ಕೆ ಆರು ಸಲ ಪಟ್ಟಿ ಬದಲು. ಸಿಂಗಪುರ ಇದ್ದರೆ ನಾಲ್ಕೇ. ಸಿಂಗಪುರದ ಪರವಾಗಿ ಇದೂ ಒಂದು ಅಂಶ.

ಮೆಷಿನ್‌ಗೆ ಸಂಬಂಧಿಸಿದ ಎರಡು ಮಾತು. ನಿಗದಿತ ಜಾಬ್‌ಗಳನ್ನು ಸ್ಥಳೀಯ ಸಮಯದಲ್ಲಿ ಇಡಬೇಡಿ. ವಸಂತದ ಆ ಒಂದು ರಾತ್ರಿ ಡಬ್ಲಿನ್‌ನಲ್ಲಿ 1:30 ಅನ್ನುವ ಸಮಯವೇ ಇರುವುದಿಲ್ಲ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2:30 ಇರುವುದಿಲ್ಲ. ಶರತ್ಕಾಲದಲ್ಲಿ ಎರಡೂ ಕಡೆ 1:30 ಎರಡು ಸಲ ಬರುತ್ತದೆ. ಜಾಬ್‌ಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಕ್ರಾನ್‌ನ ಕೆಲವು ಆವೃತ್ತಿಗಳು ಇದನ್ನು ಸರಿದೂಗಿಸುತ್ತವೆ, ಕೆಲವು ಇಲ್ಲ. ಜಾಬ್ ಎಲ್ಲವೂ ಯುಟಿಸಿಯಲ್ಲಿ, ಲಾಗ್ ಎಲ್ಲವೂ ಯುಟಿಸಿಯಲ್ಲಿ ಇರಲಿ.

ಮನುಷ್ಯರ ಮೀಟಿಂಗ್‌ಗೆ ಮಾತ್ರ ಇದು ತಿರುವುಮುರುವು. ಮುಂದೆ ನಡೆಯಬೇಕಾದ ಮೀಟಿಂಗ್ ಅನ್ನು ಊರಿನ ಝೋನ್ ಹೆಸರಿನ ಜೊತೆ ಉಳಿಸಿ: "ಯುರೋಪ್/ಡಬ್ಲಿನ್ 09:15". ಬರೀ "+1" ಅಂತ ಬರೆದಿಟ್ಟರೆ ಅಕ್ಟೋಬರ್ ನಂತರ ತಪ್ಪುತ್ತದೆ. ಸರ್ಕಾರಗಳು ನಿಯಮ ಬದಲಿಸುವುದೂ ಉಂಟು. ಮೆಕ್ಸಿಕೊ 2022ರಲ್ಲಿ ದೇಶದ ಬಹುಭಾಗದಲ್ಲಿ ಡೇಲೈಟ್ ಸೇವಿಂಗ್ ಕೈಬಿಟ್ಟಿತು, ಈಜಿಪ್ಟ್ 2023ರಲ್ಲಿ ಮತ್ತೆ ತಂದಿತು. ಲೆಬನಾನ್‌ನಲ್ಲಿ 2023ರ ಮಾರ್ಚ್‌ನಲ್ಲಿ ಗಡಿಯಾರ ತಿರುಗಿಸಲು ಕೆಲವೇ ದಿನ ಇರುವಾಗ ಮುಂದೂಡಿ, ಕೆಲವರು ಒಪ್ಪದೆ, ಕೆಲ ದಿನ ಒಂದೇ ದೇಶದಲ್ಲಿ ಎರಡು ಸಮಯ ನಡೆಯಿತು. ಸರ್ವರ್‌ನ ಟೈಮ್‌ಝೋನ್ ಡೇಟಾಬೇಸ್ ಹಳೆಯದಾಗಿದ್ದರೆ ಇಂಥದ್ದು ಅದಕ್ಕೆ ತಿಳಿಯುವುದೇ ಇಲ್ಲ. ಕಂಟೇನರ್ ಇಮೇಜ್ ಒಳಗಿನ ಪ್ರತಿಯನ್ನೂ ಅಪ್‌ಡೇಟ್ ಮಾಡಿ, ಅದನ್ನೇ ಎಲ್ಲರೂ ಮರೆಯುವುದು.

+5:30 (ಭಾರತ), +5:45ರ (ನೇಪಾಳ) ತಂಡ ಇದ್ದರೆ ಇನ್ನೊಂದು ತಕರಾರು. ಅರ್ಧ ಗಂಟೆಯ ಜೊತೆ ಅಂತ ಎಣಿಸಿದ್ದು ಒಂದು ಕಡೆ ಪೂರ್ಣ ಗಂಟೆಗೆ ಶುರುವಾಗುವ ಬೇರೆ ಮೀಟಿಂಗ್‌ಗೆ ಬಲಿಯಾಗುತ್ತದೆ. ಕ್ಯಾಲೆಂಡರ್‌ನಲ್ಲಿ ಆ ಹೊತ್ತನ್ನು ಎರಡೂ ಕಡೆ ಮೊದಲೇ ಕಾಯ್ದಿರಿಸಬೇಕು.

ಕೆಂಪು_ಬಿಲ್ಡ್

ಈಗ ಹ್ಯಾಂಡೋವರ್ ನೋಟ್‌ಗೆ ಬರೋಣ. ಜನ ಬರೆಯೋದು ಹೀಗಿರುತ್ತೆ: "ಪೇಮೆಂಟ್ ರಿಟ್ರೈ ಕೆಲಸ ಮುಕ್ಕಾಲು ಭಾಗ ಆಗಿದೆ, ಸಣ್ಣ ಬಗ್ ಇದೆ, ನೋಡಿ." ಇದರಿಂದ ನಯಾಪೈಸೆ ಪ್ರಯೋಜನ ಇಲ್ಲ. ಮುಕ್ಕಾಲು ಅಂದ್ರೆ ಯಾವ ಮುಕ್ಕಾಲು?

ಹೀಗಿರಲಿ:

"ಬ್ರಾಂಚ್: ಪೇಮೆಂಟ್-ರಿಟ್ರೈ. ಕೊನೆಯ ಕಮಿಟ್ ಪುಶ್ ಆಗಿದೆ, ಡ್ರಾಫ್ಟ್ ಪುಲ್ ರಿಕ್ವೆಸ್ಟ್ ತೆರೆದಿದೆ. ಬಿಲ್ಡ್: ಹಸಿರು, ಒಂದು ಟೆಸ್ಟ್ ಬೇಕೆಂದೇ ಸ್ಕಿಪ್. ಆ ಟೆಸ್ಟ್‌ನಿಂದ ಸ್ಕಿಪ್ ತೆಗೆದು ಓಡಿಸಿದರೆ ಬಗ್ ಕಾಣುತ್ತದೆ: ಎರಡನೇ ಪ್ರಯತ್ನದಲ್ಲಿ ಅದೇ ಆರ್ಡರ್‌ಗೆ ಎರಡು ಸಲ ಹಣ ಕಡಿತ. ನೋಡಿ ಬಿಟ್ಟದ್ದು: ಟೈಮ್‌ಔಟ್ ಹೆಚ್ಚಿಸುವುದು. 5 ಸೆಕೆಂಡ್‌ನಿಂದ 30ಕ್ಕೆ ಏರಿಸಿದರೂ ಬಗ್ ಉಳಿಯಿತು, ಹಾಗಾಗಿ ಕಾರಣ ಅದಲ್ಲ. ಅನುಮಾನ: ರಿಟ್ರೈ ಮಾಡುವಾಗ ಕೋರಿಕೆಗೆ ಹೊಸ ಗುರುತು ಸಂಖ್ಯೆ ಹುಟ್ಟುತ್ತಿದೆ. ಮುಂದಿನ ಹೆಜ್ಜೆ: ಗುರುತು ಸಂಖ್ಯೆಯನ್ನು ಕ್ಯೂಗೆ ಹಾಕುವ ಮೊದಲೇ ಸೃಷ್ಟಿಸಿ ನೋಡುವುದು. ಪ್ರಶ್ನೆ: ಹಳೆಯ ಆರ್ಡರ್‌ಗಳಿಗೂ ಇದು ಬೇಕೇ? ಉತ್ತರ ಬರದಿದ್ದರೆ ಬೇಡ ಎಂದು ಮುಂದುವರಿಯಿರಿ, ಫ್ಲ್ಯಾಗ್ ಹಿಂದೆ ಇದೆ. ಮುಟ್ಟಬೇಡಿ: ಸ್ಟೇಜಿಂಗ್ ಡೇಟಾಬೇಸ್, ಮೈಗ್ರೇಶನ್ ಓಡುತ್ತಿದೆ, 19:00 ಯುಟಿಸಿ ಸುಮಾರಿಗೆ ಮುಗಿಯುತ್ತದೆ."

ಇದರಲ್ಲಿ ಅತಿ ಬೆಲೆಯ ಸಾಲು "ನೋಡಿ ಬಿಟ್ಟದ್ದು". ಅದಿಲ್ಲದಿದ್ರೆ ಮುಂದಿನ ತಂಡ ಮೊದಲು ಮಾಡೋದೇ ಟೈಮ್‌ಔಟ್ ಹೆಚ್ಚಿಸೋದು. ಎರಡನೇದು, "ಉತ್ತರ ಬರದಿದ್ದರೆ". ಪ್ರಶ್ನೆಯ ಜೊತೆ ಡೀಫಾಲ್ಟ್ ಉತ್ತರ ಇಲ್ಲದ ನೋಟ್ ಅನ್ನು ವಾಪಸ್ ಕಳಿಸಿ. ಡೀಫಾಲ್ಟ್ ಅನ್ನೋದು ಆಮೇಲೆ ಹಿಂದಕ್ಕೆ ತಗೊಳ್ಳೋಕೆ ಆಗುವಂಥದ್ದೇ ಆಗಿರಬೇಕು ಅಷ್ಟೆ. ಡೇಟಾ ಅಳಿಸೋದು, ಗ್ರಾಹಕರಿಗೆ ಮೇಲ್ ಹೋಗೋದು, ಇವಕ್ಕೆ ಡೀಫಾಲ್ಟ್ ಯಾವಾಗಲೂ "ನಿಲ್ಲಿಸಿ".

ನಡುರಾತ್ರಿ_ಪೇಜರ್

ಇದಕ್ಕೆ ಆಸ್ಪತ್ರೆಗಳಲ್ಲಿ ಪಾಳಿ ಬದಲಿಸುವಾಗಿನ ಐ-ಪಾಸ್ ಕ್ರಮವನ್ನು ನೋಡಿ ಕಲಿಯಬಹುದು. ರೋಗಿ ಎಷ್ಟು ಗಂಭೀರ, ಸಾರಾಂಶ, ಮಾಡಬೇಕಾದ ಕೆಲಸ, ಏನಾದರೂ ತಿರುಗಿದರೆ ಏನು ಮಾಡಬೇಕು, ಕೊನೆಗೆ ತೆಗೆದುಕೊಳ್ಳುವವರು ತಮಗೆ ಅರ್ಥವಾದದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುವುದು. ಒಂಬತ್ತು ಆಸ್ಪತ್ರೆಗಳ ಅಧ್ಯಯನ 2014ರಲ್ಲಿ ಪ್ರಕಟವಾಯಿತು: ಈ ಕ್ರಮ ತಂದ ಮೇಲೆ ವೈದ್ಯಕೀಯ ತಪ್ಪುಗಳು ಶೇ. 23, ತಡೆಯಬಹುದಾಗಿದ್ದ ಹಾನಿಗಳು ಶೇ. 30 ಇಳಿದವು.

ಸಾಫ್ಟ್‌ವೇರ್‌ನವರು ಮೊದಲ ನಾಲ್ಕನ್ನು ಬರೆದು ಐದನೆಯದನ್ನು ಬಿಡುತ್ತಾರೆ. ಐದನೆಯದೇ ಮುಖ್ಯ. ಜೊತೆಯಲ್ಲಿರುವ ಒಂದು ಗಂಟೆಯನ್ನು ಹೀಗೆ ಹಂಚಿ: ಮೊದಲ 20 ನಿಮಿಷ ತೆಗೆದುಕೊಳ್ಳುವವರು ಮೌನವಾಗಿ ನೋಟ್ ಓದಿ, ಬ್ರಾಂಚ್ ಇಳಿಸಿಕೊಂಡು, ಟೆಸ್ಟ್ ಓಡಿಸುವುದು. ಆಮೇಲೆ 15 ನಿಮಿಷ ಕರೆ, ಅದರಲ್ಲಿ ಮಾತಾಡುವವರು ತೆಗೆದುಕೊಂಡವರು, ಕೊಟ್ಟವರಲ್ಲ. ಉಳಿದದ್ದು ಹೆಚ್ಚುವರಿ ಪ್ರಶ್ನೆಗೆ. ಕೊಟ್ಟವರು ಸ್ಕ್ರೀನ್ ಹಂಚಿಕೊಂಡು ಅರ್ಧ ಗಂಟೆ ವಿವರಿಸಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಕರೆ ಮುಗಿದ ಹತ್ತು ನಿಮಿಷಕ್ಕೆ ಟೆಸ್ಟ್ ಓಡುವುದೇ ಇಲ್ಲ ಎಂದು ಗೊತ್ತಾಗುತ್ತದೆ.

"ನನ್ನ ಕಡೆ ಬಂತು" ಎಂದು ಟಿಕೆಟ್‌ನಲ್ಲಿ ಒಬ್ಬರ ಹೆಸರು ಬದಲಾಗುವವರೆಗೆ ಕೆಲಸ ಹಳೆಯವರದ್ದೇ. ತಂಡದ ಹೆಸರಿಗೆ ಹಾಕುವಂತಿಲ್ಲ. ತಂಡದ್ದು ಅಂದರೆ ಯಾರದ್ದೂ ಅಲ್ಲ.

ಪಾಳಿ_ಪಟ್ಟಿ

ಒಂದು ಅನುಮಾನ. ಎಲ್ಲ ಟಿಕೆಟ್‌ಗೂ ಇದನ್ನೇ ಮಾಡುವುದೇ? ಐದು ಜನ ಐದು ನೋಟ್ ಬರೆಯುತ್ತಾ ಕೂತರೆ?

ಕ್ಯೂ_ಲೆಕ್ಕಿಗ

ಬೇಡವೇ ಬೇಡ. ಪ್ರಸ್ತಾವದಲ್ಲಿರುವ ಮೂಲ ತಪ್ಪೇ ಅದು. ಯಾವ ಕೆಲಸ ಕೈಬದಲಾಗುತ್ತದೆ, ಯಾವುದು ಆಗುವುದಿಲ್ಲ ಎಂದು ಮೊದಲು ಬೇರ್ಪಡಿಸಬೇಕು. ನನ್ನ ಒರೆಗಲ್ಲು: ಕೆಲಸದ ಸ್ಥಿತಿ ಪೂರ್ತಿಯಾಗಿ ಟಿಕೆಟ್, ಕೋಡ್, ಲಾಗ್‌ಗಳಲ್ಲಿ ಇದೆಯೇ, ಇಲ್ಲ ಒಬ್ಬರ ತಲೆಯಲ್ಲಿದೆಯೇ?

ಟೆಸ್ಟ್–ಫಿಕ್ಸ್ ಸರಪಳಿ ಚೆನ್ನಾಗಿ ಕೈಬದಲಾಗುತ್ತದೆ. ಒಂದು ತಾಣ ಬರೆಯುತ್ತದೆ, ಅವರು ಮಲಗಿದಾಗ ಇನ್ನೊಂದು ಪರೀಕ್ಷಿಸುತ್ತದೆ, ಬೆಳಗ್ಗೆ ಎದ್ದಾಗ ಬಗ್ ಪಟ್ಟಿ ಸಿದ್ಧ. ಇಲ್ಲಿ ಯಾರೂ ಯಾರ ಯೋಚನೆಯನ್ನೂ ಅರ್ಧಕ್ಕೆ ಹಿಡಿಯುತ್ತಿಲ್ಲ. ಕೋಡ್ ರಿವ್ಯೂ ಹಾಗೆಯೇ: ಸಂಜೆ ಹಾಕಿದ್ದು ಬೆಳಗ್ಗೆ ಟಿಪ್ಪಣಿ ಸಮೇತ ಸಿಕ್ಕರೆ ಕಾಯುವ ಸಮಯವೆಲ್ಲ ನಿದ್ದೆಯಲ್ಲೇ ಕಳೆದಂತೆ. ಗ್ರಾಹಕರ ದೂರು, ಅನುವಾದ, ದೊಡ್ಡ ಡೇಟಾ ವರ್ಗಾವಣೆಯ ನಿಗಾ, ಭದ್ರತಾ ಎಚ್ಚರಿಕೆಗಳ ಮೊದಲ ಜಾಲಾಟ, ಎಲ್ಲವೂ ಸರದಿಯಲ್ಲಿ ಬರುವ ಸಣ್ಣ ಸಣ್ಣ ತುಂಡುಗಳು.

ಕೈಬದಲಾಗದ್ದು: ಹೊಸ ವಿನ್ಯಾಸ, ಡೇಟಾ ಮಾದರಿ, ಅರ್ಧ ಬರೆದ ಅಲ್ಗಾರಿದಮ್, ದೊಡ್ಡ ರಿಫ್ಯಾಕ್ಟರಿಂಗ್. ಮೂರು ಊರಿನ ಮೂವರು ದಿನಾ ಒಂದೇ ಮಾಡ್ಯೂಲ್ ವಿನ್ಯಾಸ ಮಾಡಿದರೆ ಎತ್ತು ಏರಿಗೆ, ಕೋಣ ನೀರಿಗೆ. ಇವನ್ನು ಒಂದೇ ತಾಣಕ್ಕೆ ಕೊಟ್ಟು ಅಲ್ಲೇ ಮುಗಿಯಲು ಬಿಡಿ. ದಿನಕ್ಕೆ 8 ಗಂಟೆಯಲ್ಲೇ ನಡೆಯಲಿ.

ಹೀಗೆ ವಿಂಗಡಿಸಿದರೆ ಒಂದು ತಂಡದಿಂದ ಪಾಳಿಗೆ ಒಂದೋ ಎರಡೋ ಕೆಲಸ ಮಾತ್ರ ದಾಟುತ್ತದೆ. ಅಷ್ಟಕ್ಕೆ ನೋಟ್ ಬರೆಯುವುದು ಭಾರವಲ್ಲ. ಐದಕ್ಕೆ ಐದೂ ದಾಟುತ್ತಿದ್ದರೆ ವಿಂಗಡಣೆಯೇ ಆಗಿಲ್ಲ ಎಂದರ್ಥ.

ಕೆಂಪು_ಬಿಲ್ಡ್

+1. ರಿವ್ಯೂ ಬಗ್ಗೆ ಒಂದು ಸೇರಿಸ್ತೀನಿ. ದೂರದ ತಂಡದ ರಿವ್ಯೂ ಲಾಭ ಕೊಡೋದು ಒಂದೇ ಸುತ್ತಿನಲ್ಲಿ ಮುಗಿದ್ರೆ. ಪ್ರತಿ ಸುತ್ತೂ ಒಂದು ದಿನ. 800 ಸಾಲಿನ ಬದಲಾವಣೆಗೆ ನಾಲ್ಕು ಸುತ್ತು ಆದ್ರೆ ಸೋಮವಾರದ್ದು ಶುಕ್ರವಾರ ಸೇರುತ್ತೆ. 200 ಸಾಲಿನ ಒಳಗೆ ಇಡಿ. ರಿವ್ಯೂ ಮಾಡೋರು ಪ್ರತಿ ಟಿಪ್ಪಣಿಗೂ "ಇದು ಸರಿಯಾಗದೆ ಸೇರಿಸಬೇಡಿ" ಅಥವಾ "ಇಷ್ಟ ಇದ್ರೆ ಬದಲಿಸಿ" ಅಂತ ಹಣೆಪಟ್ಟಿ ಹಚ್ಚಲಿ. ಎರಡನೇ ಬಗೆಯದು ಮಾತ್ರ ಇದ್ರೆ ಆಗಲೇ ಅನುಮೋದನೆ ಕೊಟ್ಟುಬಿಡಿ, ಮತ್ತೆ ಒಂದು ರಾತ್ರಿ ಕಾಯಿಸಬೇಡಿ.

ಇನ್ನೊಂದು ಕಟ್ಟುನಿಟ್ಟು: ಪಾಳಿಯ ಕೊನೆಯ 90 ನಿಮಿಷ ಮುಖ್ಯ ಬ್ರಾಂಚ್‌ಗೆ ಏನನ್ನೂ ಸೇರಿಸಬಾರದು. ಸಂಜೆ 4:50ಕ್ಕೆ ಸೇರಿಸಿ ಎದ್ದು ಹೋದ ಕೋಡ್ ಬಿಲ್ಡ್ ಮುರಿದ್ರೆ, ಮುಂದಿನ ಐದೂ ಜನ ಬೇರೆಯವರ ಕೋಡ್ ಬಿಚ್ಚುತ್ತಾ ಕೂರ್ತಾರೆ. ಮುರಿದ ಬಿಲ್ಡ್ ಸಿಕ್ಕಿದ ತಂಡಕ್ಕೆ ಒಂದು ಅಧಿಕಾರ ಇರಲಿ: 15 ನಿಮಿಷದಲ್ಲಿ ಕಾರಣ ಕಾಣದಿದ್ರೆ ಆ ಕಮಿಟ್ ರಿವರ್ಟ್, ಯಾರನ್ನೂ ಕೇಳಬೇಕಿಲ್ಲ, ಯಾರೂ ಬೇಜಾರು ಮಾಡ್ಕೊಳ್ಳೋ ಹಾಗಿಲ್ಲ. ಒಮ್ಮೆ ಪಾಸ್ ಒಮ್ಮೆ ಫೇಲ್ ಆಗೋ ಟೆಸ್ಟ್‌ಗಳನ್ನು ಶುರು ಮಾಡೋ ಮೊದಲೇ ಕಿತ್ತು ಪಕ್ಕಕ್ಕಿಡಿ. ಒಂದೇ ಊರಿನಲ್ಲಿ "ಅಯ್ಯೋ ಅದು ಹಾಗೇ, ಇನ್ನೊಮ್ಮೆ ಓಡ್ಸಿ" ಅಂತ ಪಕ್ಕದವರು ಹೇಳ್ತಾರೆ. ಇಲ್ಲಿ ಪಕ್ಕದವರು ಮಲಗಿರ್ತಾರೆ.

ಪರ್ಮಿಷನ್ ಕೂಡ. ಸ್ಟೇಜಿಂಗ್, ಲಾಗ್, ಸೀಕ್ರೆಟ್, ಡಿಪ್ಲಾಯ್ ಬಟನ್, ಮೂರು ತಾಣದಲ್ಲೂ ಕನಿಷ್ಠ ಇಬ್ಬರಿಗೆ ಒಂದೇ ಮಟ್ಟದ ಪ್ರವೇಶ. ಒಬ್ಬರಿಗೆ ಮಾತ್ರ ಕೊಟ್ರೆ ಅವರ ರಜೆ ದಿನ ಸರಪಳಿ ಅಲ್ಲೇ ಕಡಿಯುತ್ತೆ.

ನಡುರಾತ್ರಿ_ಪೇಜರ್

ಆನ್‌ಕಾಲ್‌ಗೆ (ಸಿಸ್ಟಂ ಕೆಟ್ಟರೆ ಕರೆಗೆ ಓಗೊಡುವ ಸರದಿ) ಬಂದರೆ, ಸಮಯದ ಅಂತರ ನಿಸ್ಸಂಶಯವಾಗಿ ಗೆಲ್ಲುವ ಜಾಗ ಇದೊಂದೇ. ಯಾರೂ ರಾತ್ರಿ 3ಕ್ಕೆ ಏಳಬೇಕಿಲ್ಲ. ಆದರೆ ಜನ ಸಾಲಬೇಕು. ಪ್ರೈಮರಿ, ಸೆಕೆಂಡರಿ ಇಬ್ಬರನ್ನು ಇಟ್ಟು ಗೂಗಲ್‌ನ ಎಸ್‌ಆರ್‌ಇ (ಸೇವೆಗಳು ನಿಲ್ಲದಂತೆ ನೋಡಿಕೊಳ್ಳುವ) ತಂಡಗಳು ಪ್ರಕಟಿಸಿದ ಲೆಕ್ಕ: ಒಂದೇ ತಾಣವಾದರೆ ಕನಿಷ್ಠ 8 ಜನ, ಎರಡು ತಾಣವಾದರೆ ತಲಾ 6. 12 ಗಂಟೆಯ ಪಾಳಿಗೆ ಎರಡಕ್ಕಿಂತ ಹೆಚ್ಚು ಘಟನೆ ಬರಬಾರದು ಎಂಬುದೂ ಅವರದ್ದೇ. ನಿಮ್ಮಲ್ಲಿ ತಲಾ 5. ಹಗಲು ಮಾತ್ರ ನೋಡಿಕೊಳ್ಳುವುದಾದರೆ ನಡೆಯುತ್ತದೆ, ವಾರಾಂತ್ಯದ 45 ಗಂಟೆಯೂ ಸೇರಿದರೆ ಬಿಗಿಯಾಗುತ್ತದೆ. ಶನಿವಾರ, ಭಾನುವಾರ ತಾಣಗಳು ಸರದಿಯಲ್ಲಿ ಹಂಚಿಕೊಳ್ಳಲಿ, ಬದಲಿ ರಜೆ ಲಿಖಿತವಾಗಿರಲಿ.

ನಡೆಯುತ್ತಿರುವ ಘಟನೆಯ ನಡುವೆ ಪಾಳಿ ಬದಲಾದರೆ ನೋಟ್ ಸಾಲದು. ಹೊಸಬರು ಕರೆಗೆ ಸೇರಿ 15 ನಿಮಿಷ ಕೇಳಿ, "ಈಗ ಕಮಾಂಡ್ ನನ್ನದು" ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹಳಬರು ಸಮಸ್ಯೆ ಹುಡುಕುವ ಭರದಲ್ಲಿ ಮೂರು ಗಂಟೆ ಹೆಚ್ಚಿಗೆ ಕೂರುವುದನ್ನು ಶೂರತನ ಎಂದು ಹೊಗಳಬೇಡಿ. ಮರುದಿನ ಅವರ ಪಾಳಿಯೇ ಖಾಲಿ.

ಅಂದಹಾಗೆ ಇಲ್ಲಿ ಕಾನೂನೂ ಇದೆ. ಐರೋಪ್ಯ ಒಕ್ಕೂಟದ ಕೆಲಸದ ಸಮಯದ ನಿರ್ದೇಶನದಂತೆ ದಿನದ 24 ಗಂಟೆಯಲ್ಲಿ ಸತತ 11 ಗಂಟೆ ವಿಶ್ರಾಂತಿ ಸಿಗಬೇಕು. ಡಬ್ಲಿನ್‌ನವರು ರಾತ್ರಿ 10:30ಕ್ಕೆ ಒಂದು ಕರೆ ಮುಗಿಸಿದರೆ ಮರುದಿನ 9:30ಕ್ಕೆ ಮುಂಚೆ ಶುರು ಮಾಡುವಂತಿಲ್ಲ, ಅಂದರೆ ಬೆಳಗಿನ ಹ್ಯಾಂಡೋವರ್‌ನ ಮೊದಲ ಅರ್ಧ ಗಂಟೆ ಹೋಯಿತು. ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕಕ್ಕೆ ಸಿಗದಿರುವ ಹಕ್ಕು ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯದಲ್ಲಿ 2024ರ ಆಗಸ್ಟ್‌ನಿಂದ ಜಾರಿಯಲ್ಲಿದೆ. "ಒಂದು ಮೆಸೇಜ್ ತಾನೇ" ಅನ್ನುವ ರೂಢಿಯನ್ನು ಮೊದಲೇ ಮುರಿಯಿರಿ. ಮೆಸೇಜ್ ಬರೆದು, ಅವರ ಬೆಳಗ್ಗೆ 9ಕ್ಕೆ ತಲುಪುವಂತೆ ಶೆಡ್ಯೂಲ್ ಮಾಡಿ.

ಅರ್ಧಗಂಟೆ_ಅಂತರ

ಡೇಟಾದ ವಿಷಯವೂ ಇದೆ, ಇದು ಕೊನೆ ಗಳಿಗೆಯಲ್ಲಿ ಯೋಜನೆಯನ್ನೇ ನಿಲ್ಲಿಸುತ್ತದೆ. ಐರೋಪ್ಯ ಒಕ್ಕೂಟದ ಡೇಟಾ ರಕ್ಷಣಾ ಕಾನೂನಾದ ಜಿಡಿಪಿಆರ್ ಅಡಿ, ಯುರೋಪ್‌ನ ಗ್ರಾಹಕರ ವೈಯಕ್ತಿಕ ಮಾಹಿತಿಯನ್ನು ಹೊರದೇಶದ ಬೇರೆ ಕಂಪನಿ ಘಟಕದವರು ದೂರದಿಂದ ತೆರೆದು ನೋಡಿದರೂ ಅದು ವರ್ಗಾವಣೆಯೇ. ಫೈಲ್ ಕಾಪಿ ಆಗಬೇಕೆಂದೇನೂ ಇಲ್ಲ. ಡಬ್ಲಿನ್‌ನವರು ನಿಜವಾದ ಗ್ರಾಹಕರ ದಾಖಲೆ ಇಟ್ಟುಕೊಂಡು ಬಗ್ ಹುಡುಕಿ, ಸಂಜೆ ಅದೇ ಡೇಟಾಬೇಸ್ ಪ್ರತಿಯನ್ನು ಮುಂದಿನವರಿಗೆ ಕೊಡುವುದು ಹ್ಯಾಂಡೋವರ್ ಅಲ್ಲ, ತೊಂದರೆ. ಕೃತಕ ದತ್ತಾಂಶದ ಮೇಲೆ ಅದೇ ಬಗ್ ಮತ್ತೆ ತೋರಿಸುವಂತೆ ಒಂದು ಟೆಸ್ಟ್ ಬರೆದು ಅದನ್ನು ಕೊಡಿ. ಅಷ್ಟು ಮಾಡಲಾಗದಿದ್ದರೆ ಆ ಟಿಕೆಟ್ ಅಲ್ಲೇ ಉಳಿಯಲಿ. ಕಾನೂನು ವಿಭಾಗದವರನ್ನು ಮೊದಲ ವಾರವೇ ಕರೆಯಿರಿ.

ಪಾಳಿ_ಪಟ್ಟಿ

ಎಲ್ಲರಿಗೂ ಧನ್ಯವಾದ, ಪ್ರಸ್ತಾವವನ್ನು ಹೀಗೆ ತಿದ್ದಿದ್ದೇನೆ. ಸಿಡ್ನಿ ಬದಲಿಸುವುದು ಸದ್ಯ ಆಗದು. ಹಾಗಾಗಿ ಮೂರರ ರಿಲೇ ಬಿಟ್ಟು, ಜೊತೆ ಹೆಚ್ಚಿರುವ ಸ್ಯಾನ್ ಫ್ರಾನ್ಸಿಸ್ಕೊ–ಸಿಡ್ನಿ ನಡುವೆ ಮಾತ್ರ ನಾಲ್ಕು ವಾರ ಪ್ರಯೋಗ, ಟೆಸ್ಟ್–ಫಿಕ್ಸ್ ಮತ್ತು ರಿವ್ಯೂ ಅಷ್ಟೇ. ಡಬ್ಲಿನ್‌ಗೆ ಒಂದು ಮಾಡ್ಯೂಲ್ ಪೂರ್ತಿ. ಸ್ಯಾನ್ ಫ್ರಾನ್ಸಿಸ್ಕೊದವರಿಗೆ ಶುಕ್ರವಾರ ಮಧ್ಯಾಹ್ನವೂ ಹ್ಯಾಂಡೋವರ್. ಏನನ್ನು ಅಳೆಯಬೇಕು?

ಕ್ಯೂ_ಲೆಕ್ಕಿಗ

ನಾಲ್ಕು ಸಂಖ್ಯೆ ಸಾಕು. ಟಿಕೆಟ್ "ಉತ್ತರಕ್ಕೆ ಕಾಯುತ್ತಿದೆ" ಸ್ಥಿತಿಯಲ್ಲಿ ಕಳೆದ ಗಂಟೆ. ತಗೊಂಡವರು ವಾಪಸ್ ಕಳಿಸಿದ ನೋಟ್‌ಗಳ ಪಾಲು. ಮುಗಿಯಿತು ಎಂದು ಮುಚ್ಚಿ ಮತ್ತೆ ತೆರೆದ ಟಿಕೆಟ್‌ಗಳು. ಶುರುವಿನಿಂದ ಮುಗಿಯುವವರೆಗಿನ ದಿನಗಳು, ಅದನ್ನು ಸೊನ್ನೆ, ಒಂದು, ಎರಡು, ಮೂರು ಹ್ಯಾಂಡೋವರ್ ಆದ ಟಿಕೆಟ್‌ಗಳಿಗೆ ಬೇರೆ ಬೇರೆಯಾಗಿ, ಸರಾಸರಿ ಅಲ್ಲ, ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) ತೆಗೆದು. ಹಿಂದಿನ ನಾಲ್ಕು ವಾರದ ಅಂಕಿಯನ್ನು ಪ್ರಯೋಗಕ್ಕೆ ಮೊದಲೇ ತೆಗೆದಿಟ್ಟುಕೊಳ್ಳಿ. ಕಾಯುವ ಗಂಟೆ ಎರಡನೇ ವಾರದಲ್ಲಿ ಏರಿದರೆ ಹೆದರಬೇಡಿ, ನೋಟ್ ಬರೆಯಲು ಕಲಿಯುವ ಸಮಯ ಅದು. ನಾಲ್ಕನೇ ವಾರವೂ ಇಳಿಯದಿದ್ದರೆ ನಿಲ್ಲಿಸಿ.

ಲೈನ್ ಎಣಿಸುವುದು, ಕಮಿಟ್ ಎಣಿಸುವುದು ಬೇಡ. ಕೈಬದಲಿಸಲೆಂದೇ ದಿನಕ್ಕೆರಡು ಅರ್ಧಂಬರ್ಧ ಕಮಿಟ್ ಬೀಳುವುದರಿಂದ ಆ ಸಂಖ್ಯೆ ತಾನಾಗಿಯೇ ಉಬ್ಬುತ್ತದೆ.

ಯುಟಿಸಿ_ಗೋಡೆಗಡಿಯಾರ

ಎರಡು ತಿದ್ದುಪಡಿ. ಪ್ರಯೋಗ ನವೆಂಬರ್ ಮೊದಲ ಭಾನುವಾರದ ನಂತರ, ಮಾರ್ಚ್ ಎರಡನೇ ಭಾನುವಾರದ ಮೊದಲು ಬರಲಿ, ಆ ಅವಧಿಯಲ್ಲಿ 3 ಗಂಟೆ ಜೊತೆ ಸಿಗುತ್ತದೆ ಮತ್ತು ಮಧ್ಯದಲ್ಲಿ ಗಡಿಯಾರ ಬದಲಾಗುವುದಿಲ್ಲ. ಡಿಸೆಂಬರ್ ಕೊನೆಯ ರಜೆಗಳನ್ನು ಬಿಟ್ಟು ದಿನ ಆರಿಸಿ. ಬೇಸಿಗೆಯ 1 ಗಂಟೆಗೂ ಈ ಫಲಿತಾಂಶ ಹೊಂದುತ್ತದೆ ಎಂದುಕೊಳ್ಳಬೇಡಿ, ಅದಕ್ಕೆ ಬೇರೆಯೇ ಪ್ರಯೋಗ ಬೇಕು.

ಎರಡನೆಯದು, ಶುಕ್ರವಾರದ ಹ್ಯಾಂಡೋವರ್ ತೆಗೆದುಹಾಕಿ. ಸ್ಯಾನ್ ಫ್ರಾನ್ಸಿಸ್ಕೊದ ಶುಕ್ರವಾರ ಮಧ್ಯಾಹ್ನ 2 ಅಂದರೆ ಸಿಡ್ನಿಯಲ್ಲಿ ಶನಿವಾರ ಬೆಳಗ್ಗೆ 9.

ಪಾಳಿ_ಪಟ್ಟಿ

ಅಯ್ಯೋ ಹೌದು! ತೆಗೆದೆ. ಹಾಗಾದರೆ ಶುಕ್ರವಾರ ಉಳಿದದ್ದು?

ಕೆಂಪು_ಬಿಲ್ಡ್

ಶುಕ್ರವಾರದ ನೋಟ್ ಅನ್ನು ಸಿಡ್ನಿಯವರು ತೆರೆಯೋದು ಸ್ಯಾನ್ ಫ್ರಾನ್ಸಿಸ್ಕೊದ ಭಾನುವಾರ ಮಧ್ಯಾಹ್ನ. ಕೇಳೋಕೆ ಆ ಕಡೆ ಯಾರೂ ಇರಲ್ಲ. ಹಾಗಾಗಿ ಆ ದಿನ ಅರ್ಧ ಕೆಲಸ ದಾಟಿಸಬೇಡಿ. ರಿವ್ಯೂಗೆ ಸಿದ್ಧ ಇರೋ ಸಣ್ಣ ಪುಲ್ ರಿಕ್ವೆಸ್ಟ್‌ಗಳು, ಟೆಸ್ಟ್ ಮಾಡಬೇಕಾದ ಬಿಲ್ಡ್, ಇವೆರಡನ್ನೇ ಬಿಡಿ. ಸಿಡ್ನಿ ಸೋಮವಾರ ಅವನ್ನು ಮುಗಿಸುತ್ತೆ. ಉಳಿದದ್ದು ಹಿಡಿದವರ ಹೆಸರಲ್ಲೇ ಇರಲಿ, ಅವರದೇ ಸೋಮವಾರಕ್ಕೆ.